ನೀರು ಬಿಡುವ ಮುನ್ನ

ಅಕ್ಟೋಬರ್ ಹದಿಮೂರರ ಬೆಳಿಗ್ಗೆ ಒಂಬತ್ತೂವರೆಗೆ ಆದಿವಾಲದ ರೈತ ಶಿವಕುಮಾರಪ್ಪ ಠಾಣೆಗೆ ಬಂದು, ಒಣಗಿ ಬಿರಿದ ಮಣ್ಣಿನ ಹೆಂಟೆಯೊಂದನ್ನು ಪಿಎಸ್‌ಐ ಮಾಹೀರಾಳ ಮೇಜಿನ ಮೇಲಿಟ್ಟ.

“ಇದು ನನ್ನ ಗದ್ದೆ ಮಣ್ಣು ಮೇಡಂ. ಕಂಪ್ಯೂಟರ್‌ನಾಗೆ ಇದರ ಮ್ಯಾಲೆ ಮೂರಿಂಚು ನೀರು ನಿಂತೈತಂತೆ.”

“ಕುಂತ್ಕಳ್ರಿ. ಎಷ್ಟು ದಿನದಿಂದ?”

“ವಾರ ಆತು. ಭತ್ತ ಹಾಲುಗಟ್ಟೋ ಹೊತ್ತು. ಇವತ್ತು ನೀರು ಬರ್ಲಿಲ್ಲಾಂದ್ರೆ ಬರೀ ಜೊಳ್ಳು.”

ಕಾಲುವೆಯ ಏಳನೇ ತೂಬಿನ ಕೆಳಗೆ ಹದಿನಾಲ್ಕು ಗದ್ದೆಗಳಿದ್ದವು. ಪ್ರತಿ ಗದ್ದೆಯಲ್ಲೂ ತೂತು ಕೊರೆದ ಕೊಳವೆ ಹೂಳಿ, ಅದರ ಬಾಯಿಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಕೂರಿಸಿದ್ದರು. ಮಟ್ಟ ಇಳಿದರೆ ಕಂಪ್ಯೂಟರ್ ತೂಬು ತೆರೆಯುತ್ತದೆ, ತುಂಬಿದರೆ ಮುಚ್ಚುತ್ತದೆ. ಈ ವರ್ಷದಿಂದ ಅದರಲ್ಲಿ ಮನುಷ್ಯರ ಕೈಯಿರಲಿಲ್ಲ.

ಯಾರೋ ಸೆನ್ಸರ್‌ಗಳಿಗೆ ಕೈ ಹಾಕಿದ್ದಾರೆ ಎಂಬ ಅವನ ದೂರಿನ ಮೇಲೆ ಎಫ್‌ಐಆರ್ ದಾಖಲಿಸಿ, ಮಾಹೀರಾ ಹೆಡ್ ಕಾನ್‌ಸ್ಟೆಬಲ್ ಪರಮೇಶ್ ಜೊತೆ ಹೊರಟಳು. ಯೋಜನೆಯ ಎಂಜಿನಿಯರ್ ಗಿರೀಶ್ ಗದ್ದೆಯ ಬದುವಿನ ಮೇಲೆ ಕಾದಿದ್ದ.

ಪಂಚರ ಎದುರಿನಲ್ಲಿ ಮೊದಲ ಕೊಳವೆಯ ಮುಚ್ಚಳ ತೆಗೆಸಿದಳು. ಒಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಇಳಿಬಿದ್ದಿತ್ತು. ಅದರ ಬಾಯನ್ನು ಕರಿ ದಾರದಿಂದ ಕೊಳವೆಯ ಅಂಚಿಗೆ ಬಿಗಿದಿದ್ದರು. ಸೆನ್ಸರ್ ಕಂಡದ್ದು ಚೀಲದ ನೀರು. ಹದಿನಾಲ್ಕರಲ್ಲೂ ಅದೇ.

“ಗದ್ದೆಗೆ ಬಂದು ಒಂದ್ಸಲ ನೋಡ್ಲಿಲ್ವಾ?” ಎಂದು ಗಿರೀಶ್‌ನನ್ನು ಕೇಳಿದಳು.

“ಸ್ಕ್ರೀನ್ ಮೇಲೆ ಎಲ್ಲಾ ಸರಿ ಇತ್ತು ಮೇಡಂ.”

“ಸ್ಕ್ರೀನ್‌ಗೇ ಒಂದು ಗದ್ದೆ ನಾಟಿ ಮಾಡಿ ಕೊಡ್ತೀವಿ, ಅಲ್ಲೇ ಉಣ್ಣಪ್ಪ,” ಎಂದ ಶಿವಕುಮಾರಪ್ಪ.

ಪರಮೇಶ್ ದಾರವನ್ನು ಬೆರಳಲ್ಲಿ ಹೊಸೆದು ನೋಡಿದ. “ಅಂಗಡಿ ದಾರ ಅಲ್ಲ ಮೇಡಂ. ಕುರಿ ಉಣ್ಣೆ, ಮನೇಲಿ ಕೈಯಾಗೆ ನೂತದ್ದು.”

“ಈ ಕಡೆ ಕುರಿ ಮೇಯಿಸೋರು ಯಾರ್ರಿ?”

ಶಿವಕುಮಾರಪ್ಪನ ಮುಖದ ಸಿಟ್ಟು ಇಳಿಯಿತು. “ಕಾಟಲಿಂಗಪ್ಪ ಒಬ್ನೇ. ಆಗಸ್ಟ್‌ನಾಗೆ ಅವನ ಹೆಂಡ್ತಿ ಜಯಕ್ಕ ಇದೇ ಕಾಲುವೇಲಿ ಕೊಚ್ಕೊಂಡ್ ಹೋದ್ಲು. ಮರಿ ಹಿಡಿಯಾಕೆ ಒಣ ಕಾಲುವೆಗೆ ಇಳಿದಿದ್ಲು, ನೀರು ಬಂದ್ಬಿಡ್ತು. ಮೊದ್ಲು ನೀರುಗಂಟಿ ತೂಬು ಎತ್ತೋ ಮುಂಚೆ ಸಿಳ್ಳೆ ಹಾಕ್ತಿದ್ದ. ಈಗ ಯಾರು ಹಾಕ್ಬೇಕು? ಹೆಣಾನೂ ಸಿಗ್ಲಿಲ್ಲ.”

ಒಣಗಿದ ಕಾಲುವೆಯ ತಳದಲ್ಲಿ ಒಬ್ಬನೇ ಮನುಷ್ಯ ಹೋಗಿ ಬಂದ ಹೆಜ್ಜೆಗಳಿದ್ದವು. ಅವು ಹೆದ್ದಾರಿಯ ಅಡಿಯ ಮೋರಿಗೆ ಹೋಗಿ ಮುಟ್ಟಿದವು. ಮೋರಿಯ ಬಾಯಲ್ಲಿ ಹಸಿ ಹೂಳಿನ ದೊಡ್ಡ ಗುಡ್ಡೆ. ಒಳಗೆ ಗುದ್ದಲಿಯ ಸದ್ದು.

“ಹೊರಗೆ ಬರ್ರಿ,” ಎಂದಳು ಮಾಹೀರಾ.

ಸದ್ದು ನಿಂತಿತು. “ಇನ್ನ ಎರಡು ಮಾರು ಐತೆ ತಾಯಿ. ಸಂಜಿಕೆ ಮುಗೀತದೆ. ಆಮ್ಯಾಲೆ ನಾನೇ ಬರ್ತಿನಿ.”

“ಕೊಳವೆಗೆ ಚೀಲ ಕಟ್ಟಿದ್ದು ನೀವೇನಾ?”

“ಹೂಂ.”

“ಯಾಕೆ?”

ಕಾಟಲಿಂಗಪ್ಪ ತೆವಳಿಕೊಂಡು ಬಾಯವರೆಗೆ ಬಂದ. ಹುಬ್ಬಿನವರೆಗೂ ಕೆಸರು.

“ಅವಳ್ನ ನೀರಿನ ಮ್ಯಾಲೆಲ್ಲಾ ಹುಡುಕಿದ್ರು, ಈ ಮೋರಿ ಒಳಗೆ ಯಾರೂ ಬರ್ಲಿಲ್ಲ. ನಾನು ಇಳೀಬೇಕಂದ್ರೆ ನೀರು ಯಾವಾಗ ಬರ್ತದೋ ಗೊತ್ತಾಗಲ್ಲ. ಎರಡು ದಿನ ನಿಲ್ಸ್ರಿ ಅಂತ ಆಫೀಸಿಗೆ ಮೂರು ಸಲ ಹೋಗಿ ಕೈ ಮುಗಿದೆ. ನಮ್ಮ ಕೈಲಿಲ್ಲ, ಕಂಪ್ಯೂಟರ್ ಹೇಳ್ಬೇಕು ಅಂದ್ರು. ಕೊಳವೇಲಿ ನೀರಿದ್ರೆ ಬಿಡಲ್ಲ ಅಂತ ಊರಿಗೆಲ್ಲಾ ತೋರಿಸಿದಾಗ ನಾನೂ ಕುರಿ ಬಿಟ್ಕಂಡು ನಿಂತು ನೋಡಿದ್ದೆ. ಅದಕ್ಕೇ, ಕಂಪ್ಯೂಟರಿಗೇ ಹೇಳಿದೆ.”

ಅಷ್ಟರಲ್ಲಿ ಗಿರೀಶ್ ದಡದ ಮೇಲೆ ಓಡಿಬಂದ. “ಮೇಡಂ, ಚೀಲ ಎಲ್ಲಾ ತೆಗೆದ್ವಿ. ಸಿಸ್ಟಂ ಸರಿಹೋಯ್ತು. ಇನ್ನು ಅರ್ಧ ಗಂಟೇಲಿ ತೂಬು ತಾನೇ ತೆರ್ಕಳ್ತದೆ.”

“ನಿಲ್ಸಿ.”

“ಹಂಗೆ ನಿಲ್ಲಿಸಕ್ಕೆ ಬರಲ್ಲ ಮೇಡಂ, ಮೇಲಿನವರು—”

“ಈ ಕಾಲುವೆ ನನ್ನ ಕೇಸಿನ ಸ್ಥಳ. ಪಂಚನಾಮೆ ಮುಗಿಯೋವರೆಗೂ ನೀರು ಬಿಡಂಗಿಲ್ಲ. ತೂಬಿನ ಮೋಟರಿನ ಕರೆಂಟ್ ತೆಗೀರಿ.”

ಗಿರೀಶ್ ಫೋನ್ ಮಾಡಿದ. ಎರಡು ನಿಮಿಷದಲ್ಲಿ ಅತ್ತಲಿಂದ ಉತ್ತರ ಬಂತು. “ತೆಗೆದ್ರಂತೆ ಮೇಡಂ.”

ಕಾಟಲಿಂಗಪ್ಪ ಅವನನ್ನೇ ನೋಡುತ್ತಿದ್ದ. “ನಿಲ್ತದಾ ಸಾರ್? ಇಷ್ಟೇನಾ?”

ಗಿರೀಶ್ ಫೋನನ್ನು ಜೇಬಿಗೆ ಹಾಕಿದ, ಮತ್ತೆ ತೆಗೆದ.

ದಡದ ಮೇಲಿದ್ದ ಶಿವಕುಮಾರಪ್ಪ ಒಮ್ಮೆ ತನ್ನ ಗದ್ದೆಯ ಕಡೆ ನೋಡಿದ. ಆಮೇಲೆ ಟವೆಲ್ಲನ್ನು ತಲೆಗೆ ಸುತ್ತಿ ಕಾಲುವೆಗೆ ಇಳಿದ.

“ಲೇ ಕಾಟಣ್ಣ, ನಂಗೊಂದು ಮಾತು ಹೇಳಿದ್ರೆ ಊರೇ ಬರ್ತಿತ್ತಲ್ಲೋ.”

“ನಿನ್ನ ಬೆಳೆ ಒಣಗಿಸು ಅಂತ ನಿನಗೆ ಹೆಂಗೆ ಹೇಳ್ಲಿ?”

ಶಿವಕುಮಾರಪ್ಪ ಗುದ್ದಲಿ ಕಿತ್ತುಕೊಂಡು ಒಳಗೆ ನುಗ್ಗಿದ. ಪರಮೇಶ್ ಶರ್ಟ್ ಕಳಚಿ, ಬುಟ್ಟಿ ಹಿಡಿದು ಹಿಂದೆ ಹೋದ.

ಮೂರೂ ಮುಕ್ಕಾಲಿಗೆ ಹೂಳಿನಲ್ಲಿ ಮರಿಯ ಕೊರಳ ಗಂಟೆ ಸಿಕ್ಕಿತು. ಗಂಟೆಗೆ ಕರಿ ಉಣ್ಣೆಯ ದಾರ ಕಟ್ಟಿತ್ತು. ದಾರದ ಇನ್ನೊಂದು ತುದಿ ಎರಡು ಸುತ್ತು ಸುತ್ತಿಕೊಂಡಿದ್ದ ಮಣಿಕಟ್ಟಿನಲ್ಲಿ ಹಸಿರು ಬಳೆಗಳಿದ್ದವು.

“ನೂತಿದ್ದೂ ಅವಳೇ,” ಎಂದ ಕಾಟಲಿಂಗಪ್ಪ.

ಶವ ಪಂಚನಾಮೆ ಮುಗಿದು, ಜಯಕ್ಕನನ್ನು ಆಂಬುಲೆನ್ಸ್‌ಗೆ ಹತ್ತಿಸಿದಾಗ ಐದೂವರೆ. ನೀರಾವರಿ ನೀರಿಗೆ ಅಡ್ಡಿ ಮಾಡಿದ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 326. ಮಾಹೀರಾ ಜೀಪಿನ ಬಾನೆಟ್ ಮೇಲೆ ಬಂಧನದ ಕಾಗದ ಬಿಡಿಸಿದಳು.

“ನಿಮ್ಮನ್ನ ಬಂಧಿಸಿದ ವಿಷಯ ಯಾರಿಗಾದ್ರೂ ತಿಳಿಸ್ಬೇಕು. ಯಾರಿಗೆ ತಿಳಿಸ್ಲಿ?”

ಕಾಟಲಿಂಗಪ್ಪ ಆಂಬುಲೆನ್ಸ್ ಹೋದ ದಾರಿಯನ್ನು ನೋಡಿದ. ಮಕ್ಕಳಿರಲಿಲ್ಲ.

“ನನ್ನ ಹೆಸರು ಬರ್ಕಳ್ರಿ,” ಎಂದ ದೂರುದಾರ ಶಿವಕುಮಾರಪ್ಪ. “ಕುರೀನೂ ನಾನೇ ಹೊಡ್ಕಂಡು ಹೋಗ್ತಿನಿ.”

ಮಾಹೀರಾ ಬರೆದುಕೊಂಡಳು. ಕಾಟಲಿಂಗಪ್ಪ ಹೆಬ್ಬೆಟ್ಟು ಒತ್ತಿದ. ಕೆಸರಿನ ಬೆರಳನ್ನು ಎರಡು ಸಲ ಒರೆಸಿ ಒತ್ತಿಸಬೇಕಾಯಿತು.

ಗಿರೀಶ್ ದೂರದಲ್ಲೇ ನಿಂತು ಕೇಳಿದ. “ಮೇಡಂ, ಈಗ ನೀರು ಬಿಡಬೋದಾ?”

ಜೀಪಿನೊಳಗಿನಿಂದ ಕಾಟಲಿಂಗಪ್ಪ ಉತ್ತರಿಸಿದ. “ಬಿಡ್ರಿ ಸಾರ್. ಬಿಡಾಕೆ ಮೊದ್ಲು ಒಂದು ಸಿಳ್ಳೆ ಹಾಕ್ರಿ.”

ಗಿರೀಶನಿಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ. ಶಿವಕುಮಾರಪ್ಪ ಎರಡು ಬೆರಳು ಬಾಯಿಗಿಟ್ಟುಕೊಂಡ. ಮೊದಲ ಸಲ ಬರೀ ಉಸಿರು ಬಂತು. ಎರಡನೆಯದು ಕಾಲುವೆಯುದ್ದಕ್ಕೂ ಕೇಳಿಸಿತು.