ಬಂಪರಿನ ಹಿಂದಿನ ಕೊಳವೆ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ದೂರು ಬಂತು. ತಂದವರು ಇಬ್ಬರು: ಗಂಡನನ್ನು ಕಳೆದುಕೊಂಡ ಹೊಲಿಗೆ ಟೀಚರ್, ಜೊತೆಗೆ ವೆಲ್ಡಿಂಗ್ ಶೆಡ್ ನಡೆಸುವ ಆಕೆಯ ತಮ್ಮ. ಮಾತೆಲ್ಲ ತಮ್ಮನದೇ.

“ಭಾವ ಬೆಲ್ಟ್ ಹಾಕ್ಕೊಂಡಿದ್ರು ಸಾರ್. ನಾಯಿ ಅಡ್ಡ ಬಂತು ಅಂತ ತಿರುಗಿಸಿದ್ರು, ಸೇತುವೆ ಗೋಡೆಗೆ ಗುದ್ದಿತು. ಸಾಯುವಂಥ ಸ್ಪೀಡೇನೂ ಇರ್ಲಿಲ್ಲ. ಕಾರ್ ಕಂಪನಿಯವರದ್ದೇ ತಪ್ಪು. ಬಿಡಬೇಡಿ ಅವರನ್ನ.”

ಇನ್‌ಸ್ಪೆಕ್ಟರ್ ಎಫ್ಐಆರ್ ದಾಖಲಿಸಿದರು. ದೊಡ್ಡ ಕಂಪನಿಯೊಂದನ್ನು ಠಾಣೆಯ ಮೆಟ್ಟಿಲು ಹತ್ತಿಸುವ ಅವಕಾಶ ಸಿಕ್ಕಿದ್ದಕ್ಕೆ ಅವರಿಗೆ ಒಳಗೊಳಗೇ ಖುಷಿಯಾಗಿತ್ತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಕಾಂಕ್ರೀಟ್ ಗೋಡೆಗೆ ಬರೀ ತರಚುಗಾಯ. ಕಾರಿನ ಮೂತಿಯೂ ಹೆಚ್ಚು ಕೆಟ್ಟಿರಲಿಲ್ಲ.

“ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರೆ ಸಾರ್,” ಎಂದ ದಫೇದಾರ. ಮಾತಿಗೊಂದು ಗಾದೆ ಹೇಳದಿದ್ದರೆ ಅವನಿಗೆ ಊಟ ಸೇರದು. “ಇಲ್ಲಿ ಗೋಡೆ, ಕಾರು ಎರಡೂ ನೆಟ್ಟಗಿವೆ, ಮೂರನೆಯವನೇ ಹೋದ.”

ಶವಪರೀಕ್ಷೆ ಮಾಡಿದ ವೈದ್ಯೆ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಎದೆಯ ಮೇಲೆ ಬೆಲ್ಟಿನ ಗುರುತು ಸರಿಯಾಗಿಯೇ ಇತ್ತು. ಕಾರಿನ ವೇಗದಲ್ಲಿದ್ದ ದೇಹ ಒಂದೇ ಏಟಿಗೆ ನಿಂತು, ಹೃದಯದ ದೊಡ್ಡ ರಕ್ತನಾಳ ಹರಿದಿತ್ತು.

ಮರುದಿನ ವಾಹನ ಪರೀಕ್ಷಕರು ಬಂಪರ್ ಕಳಚಿದರು.

“ಈ ಎರಡು ಚೌಕ ಕೊಳವೆ ನೋಡಿ. ಬೇಕಂತಲೇ ತೆಳು ತಗಡಲ್ಲಿ ಮಾಡಿರ್ತಾರೆ. ಗುದ್ದಿದಾಗ ಇವು ಹಾರ್ಮೋನಿಯಂ ತಿದಿ ಥರ ಮಡಚ್ಕೋಬೇಕು. ಒಂದೊಂದು ಮಡಿಕೆ ಬಿದ್ದಾಗಲೂ ಏಟಿನ ಬಲ ಅಷ್ಟಷ್ಟು ಕಮ್ಮಿ ಆಗತ್ತೆ.”

“ಇವು ಮಡಚ್ಕೊಂಡಿಲ್ಲವಲ್ಲ?” ಎಂದರು ಇನ್‌ಸ್ಪೆಕ್ಟರ್.

ಪರೀಕ್ಷಕರು ಕೊಳವೆ ಕತ್ತರಿಸಿದರು. ಒಳಗೆ ದಪ್ಪನೆಯ ಕಬ್ಬಿಣದ ಪೈಪು, ಸುತ್ತಲೂ ನೀಟಾದ ವೆಲ್ಡಿಂಗ್.

“ಇದು ಕಂಪನಿ ಕೆಲಸ ಅಲ್ಲ.”

“ಮೂಗಿಗಿಂತ ಮೂಗುತಿ ಭಾರ,” ಎಂದ ದಫೇದಾರ.

ಟೀಚರನ್ನು ಕೇಳಿದರೆ ಉತ್ತರ ಸಲೀಸಾಗಿ ಬಂತು. “ಹೊರಗಿನವರು ಯಾರೂ ಗಾಡಿ ಮುಟ್ಟಿಲ್ಲ. ಹೋದ ವರ್ಷ ಮರಕ್ಕೆ ಗುದ್ದಿದ್ರು, ಆಗ ತಮ್ಮನೇ ರಿಪೇರಿ ಮಾಡಿದ್ದು.”

ಶೆಡ್‌ನಲ್ಲಿ ತಮ್ಮ ಏನನ್ನೂ ಮುಚ್ಚಿಡಲಿಲ್ಲ.

“ಪೈಪ್ ಹಾಕಿದ್ದು ನೀವೇನಾ?”

“ನಾನೇ. ಮೂತಿಯೆಲ್ಲ ಮುದುರಿಹೋಗಿತ್ತು ಸಾರ್. ಒಳಗೆ ನೋಡಿದ್ರೆ ಬರೀ ತಗಡು. ಭಾವ ಓಡಿಸೋ ಗಾಡಿ, ಗಟ್ಟಿ ಇರ್ಲಿ ಅಂತ ಹಾಕ್ದೆ.”

“ಆವಾಗ ನಿಮ್ಮ ಭಾವನಿಗೆ ಪೆಟ್ಟಾಗಿತ್ತಾ?”

“ಇಲ್ಲ ಸಾರ್. ಇಳಿದು ನಡ್ಕೊಂಡೇ ಮನೆಗೆ...”

“ಗಾಡಿ ಮುದುರಿತ್ತು. ಅದಕ್ಕೇ ಅವರಿಗೆ ಏನೂ ಆಗಿರ್ಲಿಲ್ಲ,” ಎಂದರು ಇನ್‌ಸ್ಪೆಕ್ಟರ್. ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವರಿಗೆ. ತಮ್ಮನೇ ಕೈಗವಸು ಕಳಚಿ ಬೆಂಚಿನ ಮೇಲಿಟ್ಟು, ಕೇಳುವ ಮೊದಲೇ ಜೀಪಿನ ಕಡೆ ನಡೆದ.

ಸಂಜೆ ಐದಕ್ಕೆ ಬಂಧನ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವಿಗೆ ಕಾರಣ.

“ಹೀಗೆ ಮಾಡು ಅಂತ ಯಾರಾದ್ರೂ ಹೇಳಿದ್ರಾ?”

“ಇಲ್ಲ. ನನ್ನ ತಲೆಗೇ ಹೊಳೀತು.”

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಿದ್ದಳು. “ಸುಳ್ಳು ಹೇಳ್ತಿದಾನೆ. ಇನ್ನೊಂದ್ಸಲ ಗುದ್ದಿದ್ರೂ ಮುದುರಬಾರದು, ಹಂಗೆ ಮಾಡ್ಕೊಡೋ ಅಂತ ಬೆನ್ನು ಹತ್ತಿದ್ದು ನಾನು. ಬರ್ಕೊಳ್ಳಿ.”

“ಅವಳ ಮಾತು ಬರ್ಕೋಬೇಡಿ ಸಾರ್,” ಎಂದ ತಮ್ಮ, ತಲೆಯೆತ್ತದೆ.

ಆಕೆ ಒಳಗೆ ಬಂದು ಅವನ ಪಕ್ಕದಲ್ಲೇ ಕುಳಿತಳು. ಇನ್‌ಸ್ಪೆಕ್ಟರ್ ಇಬ್ಬರ ಹೇಳಿಕೆಯನ್ನೂ ಬರೆದುಕೊಂಡರು. ಕೊನೆಗೆ, ಎಂದಿನ ಠಾಣೆಯ ಭಾಷೆಯಲ್ಲೇ, ಆರೋಪಿಯು ಮೃತನ ಜೀವ ಉಳಿಸುವ ಉದ್ದೇಶದಿಂದಲೇ ಕೃತ್ಯ ಎಸಗಿರುತ್ತಾನೆ ಎಂದು ಸೇರಿಸಿ ಸಹಿ ಹಾಕಿದರು.