ರಿಪೋರ್ಟ್ ಕಾರ್ಡಿಗೆ ಯಾರು ಬರುತ್ತಾರೆ

"ಸಾರಿ ತಹರೀಮ್, ಫ್ಯಾಕ್ಟರೀಲಿ ಆಡಿಟ್ ನಡೀತಿದೆ. ನೆಕ್ಸ್ಟ್ ಟೈಮ್ ಖಂಡಿತ ಬರ್ತೀನಿ," ಎಂದರು ಅಬ್ಬಾನ ಗೆಳೆಯ ದಾವೂದ್ ಅಂಕಲ್.

ತಹರೀಮ್ ಶಾಲೆಯ ಆಫೀಸಿನ ಫೋನನ್ನು ಕುಕ್ಕಿ ಇಟ್ಟಳು. ನೆಕ್ಸ್ಟ್ ಟೈಮ್ ಅಂತೆ. ಅಬ್ಬಾ ತೀರಿಕೊಂಡ ದಿನ ಇದೇ ಅಂಕಲ್ ಅವಳ ತಲೆ ಸವರಿ, "ಏನೇ ಬೇಕಾದ್ರೂ ನಾನಿದ್ದೀನಿ," ಎಂದಿದ್ದರು. ಅದಾಗಿ ಎರಡು ತಿಂಗಳು.

ದೊಡ್ಡವರು ಬಂದು ಸಹಿ ಹಾಕಿದರೆ ಮಾತ್ರ ರಿಪೋರ್ಟ್ ಕಾರ್ಡ್. ಉಮ್ಮ ಇದ್ದತ್‌ನಲ್ಲಿದ್ದರು. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರು ಮನೆಯಲ್ಲೇ ಇರಬೇಕಿತ್ತು.

"ಪರವಾಗಿಲ್ಲ ಡಿಯರ್," ಎಂದು ಟೀಚರ್ ಬೆನ್ನು ಸವರಿದರು. ಆ ಮೆತ್ತನೆಯ ದನಿ ಕೇಳಿ ತಹರೀಮ್‌ಗೆ ಮೈಯೆಲ್ಲ ಉರಿಯಿತು.

ಗೇಟಿನಾಚೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು.

"ಏನ್ಮಾ, ಹತ್ತು ನಿಮಿಷ ಲೇಟ್. ನಿನಗೇನು ಬೇರೆ ವ್ಯಾನ್ ಬರುತ್ತಾ?" ವ್ಯಾನ್ ಓಡಿಸುವ ತುಳಸಿ ಆಂಟಿ ರೇಗಿದರು.

"ಬೈಬೇಡಿ ಆಂಟಿ. ಪಾಪ, ಅವಳ ಡ್ಯಾಡಿ..." ಹಿಂದಿನ ಸೀಟಿನಿಂದ ಪ್ರಜ್ವಲ ಪಿಸುಗುಟ್ಟಿದ.

"ಇನ್ನೊಂದ್ಸಲ ಪಾಪ ಅಂದ್ರೆ ನಿನ್ನ ಬ್ಯಾಗ್ ಕಿಟಕಿಯಿಂದ ಎಸೀತೀನಿ," ತಹರೀಮ್ ಕಿರುಚಿದಳು. "ಕಾರ್ಡ್ ಕೊಟ್ಟಿಲ್ಲ. ಯಾರೂ ಬಂದಿಲ್ಲ. ಸಾಕಾ?"

ಆಂಟಿ ಎಂಜಿನ್ ಆಫ್ ಮಾಡಿದರು. "ನನ್ನ ಕೇಳೋಕೆ ಬಾಯಿ ಇರಲಿಲ್ವಾ? ನಡಿ."

ವ್ಯಾನ್ ನೋಡಿಕೊಳ್ಳಲು ಗಾರ್ಡ್‌ಗೆ ಹೇಳಿ, ಚಪ್ಪಲಿ ಚಟಪಟ ಎನ್ನಿಸುತ್ತ ಒಳಗೆ ನಡೆದೇಬಿಟ್ಟರು.

"ನೀವು ಇವಳಿಗೆ ಏನಾಗಬೇಕು?" ಟೀಚರ್ ಕೇಳಿದರು.

"ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಇವಳ ಸಿಡುಕು ಮುಖ ನೋಡ್ತಿರೋಳು. ಅವಳಮ್ಮನಿಗೆ ಫೋನ್ ಮಾಡಿ ಕೇಳಿ."

ಉಮ್ಮ ಫೋನಿನಲ್ಲಿ ಒಪ್ಪಿದರು. ಆಂಟಿ ಸಹಿ ಹಾಕಿ, ಅಲ್ಲೇ ಕಾರ್ಡ್ ಬಿಡಿಸಿದರು.

"ಮ್ಯಾಥ್ಸ್ ನಲವತ್ತೊಂದಾ? ಹೋದ ಸಲ ಎಪ್ಪತ್ತು ಅಂತ ವ್ಯಾನ್ ತುಂಬ ಕುಣಿದಿದ್ದೆ. ಪುಸ್ತಕ ಮುಟ್ಟೇ ಇಲ್ಲ ನೀನು."

ನೀವು ಯಾರು ಬೈಯೋಕೆ ಎನ್ನಲು ತಹರೀಮ್ ಬಾಯಿ ತೆರೆದಳು. ಎರಡು ತಿಂಗಳಿಂದ ಯಾರೂ ಅವಳಿಗೆ ಬೈದೇ ಇರಲಿಲ್ಲ. ಆಂಟಿಯ ಕೈಯಿಂದ ಕಾರ್ಡ್ ಕಿತ್ತು ಬ್ಯಾಗಿಗೆ ತುರುಕಿ, ಅವರ ಹಿಂದೆಯೇ ವ್ಯಾನಿಗೆ ನಡೆದಳು.

ಬಯಾನ್ ಲೆಪಾಸ್ ಬಡಾವಣೆಯಲ್ಲಿ ಅವಳ ಮನೆಯಿದ್ದ ಕಾಂಡೋ ಕಟ್ಟಡದ ಮುಂದೆ ವ್ಯಾನ್ ನಿಂತಿತು.

"ನಾಳೆ ಆರೂವರೆಗೆ ಕೆಳಗಿರಬೇಕು. ಒಂದು ನಿಮಿಷ ಲೇಟಾದ್ರೂ ಬಿಟ್ಟು ಹೋಗ್ತೀನಿ."

ತಹರೀಮ್ ಧಡಾರನೆ ಬಾಗಿಲೆಳೆದಳು.

"ಬಿಟ್ಟು ಹೋಗಿ, ನೋಡೋಣ," ಎಂದಳು.

ಬಿಟ್ಟು ಹೋಗುವವರಲ್ಲ ಎಂಬುದು ಅವಳಿಗೆ ಗೊತ್ತಿತ್ತು.