ಬಿಚ್ಚಿದ ಕ್ಯಾಪ್ಸೂಲ್‌ಗಳು

೨೦೦೬ರ ಡಿಸೆಂಬರ್ ೧೨, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಹಿರೇಕೊಡಿಗೆಯ ಅಂಗನವಾಡಿ ಟೀಚರ್ ದೇವಕಿ ಕೊಪ್ಪ ಠಾಣೆಗೆ ಬಂದರು. ಮಹಿಳಾ ಪೇದೆ ವನಜಾ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಅಡಿಕೆ ಕೊನೆಗಾರ ಯೋಗೇಂದ್ರನ ಮಗು ಸಾರ್, ಸುಮತಿ. ಮೂರು ವರ್ಷ, ತಾಯಿ ಇಲ್ಲ. ಬೆಳಿಗ್ಗೆ ಹೆಗಲಿಗೆ ಹಾಕ್ಕೊಂಡು ಹೋಗ್ತಿದ್ದ. ಎಷ್ಟು ಕೂಗಿದ್ರೂ ಮಗು ತಲೆ ಎತ್ಲಿಲ್ಲ. ಕುತ್ತಿಗೆ ಜೋಲ್ತಿತ್ತು."

"ಅವನು ಕುಡಿದಿದ್ನಾ?" ಸಬ್‌ಇನ್‌ಸ್ಪೆಕ್ಟರ್ ವೀರಪ್ಪ ಕೇಳಿದರು.

"ಕುಡಿಯೋನಾಗಿದ್ರೆ ವಾಸನೆಯಾದ್ರೂ ಬರ್ತಿತ್ತು ಮಾರಾಯ್ರೆ. ಇವಂದು ನೋವಿನ ಗುಳಿಗೆ ಚಟ. ಮಕ್ಕಳ ಕಲ್ಯಾಣ ಸಮಿತಿಯೋರು ಹೋದ ವಾರ ಬಂದು ಎಚ್ಚರಿಕೆ ಕೊಟ್ಟು ಹೋಗಿದಾರೆ."

ಬಾಲನ್ಯಾಯ ಕಾಯ್ದೆಯ ೨೩ನೇ ಕಲಂ ಅಡಿ ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಯೋಗೇಂದ್ರನ ಬೀಗವಿಲ್ಲದ ಮನೆಯಲ್ಲಿ, ದೇವಕಿಯವರ ಎದುರು, ಪಂಚನಾಮೆ. ಚಾಪೆಯ ಕೆಳಗೆ ಹನ್ನೊಂದು ಖಾಲಿ ಕ್ಯಾಪ್ಸೂಲ್ ಚಿಪ್ಪುಗಳು. ವನಜಾ ಒಂದೊಂದನ್ನೇ ಕಾಗದದ ಮೇಲಿಟ್ಟಳು. ಬಿಎಸ್ಸಿ ಓದಿದ್ದ ವೀರಪ್ಪ ಬಗ್ಗಿ ನೋಡಿದರು.

"ದೊಡ್ಡವರು ಇಡಿಯಾಗಿ ನುಂಗ್ತಾರೆ. ಬಿಚ್ಚಿ ಪುಡಿ ತೆಗೆಯೋದು ಯಾರಿಗೆ?"

ಮನೆಯಲ್ಲಿ ಇನ್ನೊಂದು ಬಾಯಿ ಇದ್ದದ್ದು ಮಗುವಿನದು ಮಾತ್ರ.

ವೀರಪ್ಪ ಗೋಡೆಯಲ್ಲಿ ಹಗ್ಗದ ನಾರು ಸಿಕ್ಕಿದ್ದ ಖಾಲಿ ಗೂಟ ತೋರಿಸಿದರು. "ಹಗ್ಗ ಇಲ್ಲ. ಮಗು ಸಮೇತ ಏನಾದ್ರೂ ಮಾಡ್ಕೊಂಡ್ನಾ? ಇಲ್ಲಾ ಬಾಳೆಹೊನ್ನೂರು ಬಸ್ಸು ಹತ್ತಿದ್ನಾ?"

ವನಜಾಳ ಅಪ್ಪನೂ ಕೊನೆಗಾರ. "ಕತ್ತಿಯೂ ಇಲ್ಲ ಸಾರ್. ಕೊನೆ ತೆಗೆಯೋಕೆ ಹೋಗಿದಾನೆ. ಇವತ್ತು ಯಾರ ತೋಟ, ಟೀಚರೇ?"

"ಮಂಜಯ್ಯನವರದ್ದು."

ಜೀಪು ತೋಟ ಮುಟ್ಟಿದಾಗ ಹನ್ನೆರಡು ಗಂಟೆ. ಮರವೊಂದರ ಬುಡದಲ್ಲಿ ಗೋಣಿಚೀಲದ ಮೇಲೆ ಮಗು ಬಿದ್ದಿತ್ತು. ವನಜಾ ರೆಪ್ಪೆ ಬಿಡಿಸಿದಳು. ಕಣ್ಣಪಾಪೆ ಸಾಸಿವೆ ಕಾಳಿನಷ್ಟು. ತುಟಿ ನೀಲಿ.

ಮರದ ತುದಿಯಿಂದ ಯೋಗೇಂದ್ರ ಕೂಗಿದ: "ಅಲ್ಲೇ ಮಲಗಿದಾಳೆ, ನೋಡಿ! ಎಲ್ಲೂ ಹೋಗಿಲ್ಲ!"

"ಇಳಿಯೋ ಕೆಳಗೆ!"

ಅವನು ಜಾರಿ ಇಳಿದ. ಹನ್ನೆರಡೂ ಐದಕ್ಕೆ ಬಂಧನ. ಆಸ್ಪತ್ರೆಗೆ ಹೊರಟ ಜೀಪಿನಲ್ಲಿ ವನಜಾ ಗಡಿಯಾರ ಹಿಡಿದು ಮಗುವಿನ ಉಸಿರು ಎಣಿಸಿದಳು. ನಿಮಿಷಕ್ಕೆ ಎಂಟು. ಆಮೇಲೆ ಆರು. ಒಂದು ಉಸಿರಾದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವುದಕ್ಕಿಂತ ಭಯಂಕರವಾದದ್ದನ್ನು ಅವಳು ಒಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. "ಬೇಗ ಸಾರ್, ಬೇಗ" ಎನ್ನುತ್ತಲೇ ಇದ್ದಳು.

ಸಂಜೆ ಐದಕ್ಕೆ ಯೋಗೇಂದ್ರ ಹೇಳಿಕೆ ಕೊಟ್ಟ. ಎರಡು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಗುಳಿಗೆ ನುಂಗದೆ ಮರ ಹತ್ತಲಾಗುತ್ತಿರಲಿಲ್ಲ. ನೋವು ಹೋದರೂ ಗುಳಿಗೆ ಹೋಗಲಿಲ್ಲ.

"ಮಗುವಿಗೆ ಯಾಕೆ ಕೊಟ್ಟೆ?"

"ನಾನು ಮರದ ಮೇಲಿದ್ರೆ ಅದು ಕೆರೆ ಕಡೆ ಓಡ್ತಿತ್ತು. ಇನ್ನೊಂದ್ಸಲ ಒಂಟಿಯಾಗಿ ತಿರುಗೋದು ಕಂಡ್ರೆ ಕರ್ಕೊಂಡು ಹೋಗ್ತೀವಿ ಅಂದ್ರು ಸಮಿತಿಯೋರು. ಮಲಗಿದ್ರೆ ತಿರುಗಲ್ಲ ಅಂತ... ಚಿಟಿಕೆ ಹಾಕ್ತಿದ್ದೆ. ಇವತ್ತು ತೋಟದಲ್ಲಿ ಎದ್ಬಿಟ್ಳು, ಮತ್ತೆ ಹಾಕಿದೆ."

ವೀರಪ್ಪ ಹಾಳೆ ಮುಂದಿಟ್ಟರು. ಅವನು ಹೆಬ್ಬೆರಳು ಒತ್ತಲಿಲ್ಲ. ಆಸ್ಪತ್ರೆಯಿಂದ ಆಗಷ್ಟೇ ಬಂದ ವನಜಾಳನ್ನೇ ನೋಡಿದ.

"ಎಚ್ಚರಾಗಿ ಅತ್ತಳು," ಎಂದಳು ವನಜಾ.

"ಜೋರಾಗಾ?"

"ವಾರ್ಡ್ ಪೂರ್ತಿ ಕೇಳೋ ಹಾಗೆ. ಸಮಿತಿಯೋರು ಬಂದಿದಾರೆ. ನಾಳೆ ಚಿಕ್ಕಮಗಳೂರಿನ ಬಾಲಮಂದಿರಕ್ಕೆ ಕರ್ಕೊಂಡು ಹೋಗ್ತಾರೆ."

ಯೋಗೇಂದ್ರ ತಲೆಯಾಡಿಸಿ ಹೆಬ್ಬೆರಳನ್ನು ಶಾಯಿಗೆ ಅದ್ದಿದ.